ರೈಸ್ ಮಿಲ್ ಸಾಫ್ಟ್‌ವೇರ್: ಕೋಡ್ ಬರೆಯುವ ಮೊದಲು ಏನೇನು ಕೇಳಿಕೊಳ್ಳಬೇಕು?

ಕಾರಟಗಿ_ಹುಡುಗ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಮ್ಮೂರು ಕೊಪ್ಪಳ ಜಿಲ್ಲೆಯ ಕಾರಟಗಿ. ಬಳ್ಳಾರಿಯಲ್ಲಿ ಬಿಇ ಓದಿದೆ. ಬೆಂಗಳೂರಿನಲ್ಲಿ ಮೂರು ವರ್ಷ ಕೆಲಸ ಮಾಡಿ, ಅಪ್ಪನಿಗೆ ಹುಷಾರಿಲ್ಲ ಅಂತ ಈಗ ಊರಿಗೆ ಬಂದಿದ್ದೇನೆ. ಅಪ್ಪನ ಪರಿಚಯದ ಸಾಹುಕಾರರೊಬ್ಬರದು ರೈಸ್ ಮಿಲ್ ಇದೆ. ಹೋದ ವಾರ ಕರೆಸಿ, ಚಹಾ ಕುಡಿಸಿ, "ನಮ್ಮ ಮಿಲ್ಲಿಗೊಂದು ಸಾಫ್ಟ್‌ವೇರ್ ಮಾಡಿಕೊಡಪ್ಪ" ಅಂದರು. ಏನೇನು ಬೇಕು ಅಂತ ಕೇಳಿದೆ. "ಭತ್ತ ಬರ್ತದ, ಅಕ್ಕಿ ಹೋಗ್ತದ, ರೊಕ್ಕ ಬರ್ತದ. ಅಷ್ಟೇ. ಎಲ್ಲಾ ನನ್ನ ಮೊಬೈಲ್‌ನ್ಯಾಗ ಕಾಣಬೇಕು." ಒಟ್ಟು ಇಪ್ಪತ್ತು ನಿಮಿಷದ ಮಾತು. ಅದರಲ್ಲಿ ಅರ್ಧ ಅವರ ಫೋನಿಗೇ ಹೋಯಿತು. ದೀಪಾವಳಿಯೊಳಗೆ ಆಗಬೇಕಂತೆ, ಆಮೇಲೆ ಕೊಯ್ಲು ಶುರು. ಎಷ್ಟು ದುಡ್ಡಾಗುತ್ತೆ ಅಂತಲೂ ಈಗಲೇ ಹೇಳಬೇಕಂತೆ.

ಅವತ್ತು ರಾತ್ರಿಯೇ ಲ್ಯಾಪ್‌ಟಾಪ್ ತೆಗೆದು ಡೇಟಾಬೇಸ್ ಟೇಬಲ್‌ಗಳ ಹೆಸರು ಬರೆಯಲು ಕೂತೆ. ಆಮೇಲೆ ನಿಲ್ಲಿಸಿದೆ, ಯಾಕಂದ್ರೆ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ.

ಬಳ್ಳಾರಿ ಜೀನ್ಸ್ ಗೊತ್ತಲ್ಲ. ಬಟ್ಟೆ ಕಟಿಂಗ್ ಒಂದು ಕಡೆ, ಹೊಲಿಗೆ ಇನ್ನೊಂದು ಕಡೆ, ವಾಷಿಂಗ್ ಮತ್ತೊಂದು ಕಡೆ, ಕೊನೆಗೆ ಕಾಜಾ, ಗುಂಡಿ, ಇಸ್ತ್ರಿ, ಪ್ಯಾಕಿಂಗ್. ಅಲ್ಲಿನ ಒಂದು ವಾಷಿಂಗ್ ಯೂನಿಟ್‌ಗೆ ಆ್ಯಪ್ ಮಾಡಿಕೊಟ್ಟಿದ್ದೆ. ಅವರು ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದನ್ನ ಹಾಗೇ ನಂಬಿ ಎರಡು ತಿಂಗಳು ಕೋಡ್ ಬರೆದೆ. ಒಂದು ಬಿಲ್, ಒಂದು ಲಾಟ್, ಒಳಗೆ ಬಂತು, ಹೊರಗೆ ಹೋಯಿತು. ಅಲ್ಲಿ ನೋಡಿದರೆ ಮೂರು ಜನರ ಪ್ಯಾಂಟು ಒಂದೇ ಮಿಷನ್‌ಗೆ ಬೀಳುತ್ತೆ. ಬಣ್ಣ ಹೊಂದಲಿಲ್ಲ ಅಂದ್ರೆ ಅದರಲ್ಲಿ ನಲವತ್ತು ಪ್ಯಾಂಟು ಮತ್ತೆ ವಾಪಸ್ ಬರುತ್ತೆ. ವಾಪಸ್ ಬಂದ ಪ್ಯಾಂಟಿಗೆ ನನ್ನ ಆ್ಯಪ್‌ನಲ್ಲಿ ಜಾಗವೇ ಇರಲಿಲ್ಲ. ಹನ್ನೊಂದೇ ದಿನಕ್ಕೆ ಅವರು ಹಳೇ ನೋಟ್‌ಬುಕ್‌ಗೆ ಹೋದರು. ಅರ್ಧ ದುಡ್ಡು ಬಂತು, ಇನ್ನರ್ಧ ಕೇಳೋಕೆ ನನಗೇ ನಾಚಿಕೆ ಆಯಿತು.

ಈ ಸಲ ಹಾಗಾಗಬಾರದು. ಕೋಡ್ ಬರೆಯುವ ಮೊದಲು ಯಾರನ್ನ ಕೇಳಬೇಕು, ಏನು ಕೇಳಬೇಕು? ಎಷ್ಟು ದಿನ ಇದಕ್ಕೆ ಇಡಬೇಕು? ಕಾಲೇಜಿನಲ್ಲಿ ಅರವತ್ತು ಪುಟದ ರಿಕ್ವೈರ್‌ಮೆಂಟ್ ಡಾಕ್ಯುಮೆಂಟ್ ಬರೆಸಿದ್ದರು, ಅದನ್ನ ಬರೆದ ನಾನೇ ಓದಿಲ್ಲ. ಅಂಥದ್ದು ಬೇಕಾ? ರೇಟ್ ಹೇಗೆ ಹೇಳೋದು? ಇಂಥ ಕೆಲಸ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಮೊದಲು_ಡೆಮೊ (ಬಳ್ಳಾರಿ):

ಬ್ರೋ, ಪ್ಲಾನಿಂಗ್ ಪ್ಲಾನಿಂಗ್ ಅಂತ ಕೂತರೆ ದೀಪಾವಳಿ ಅಲ್ಲ, ಯುಗಾದಿ ಬರುತ್ತೆ. ಗಿರಾಕಿಗೆ ಏನು ಬೇಕು ಅಂತ ಗಿರಾಕಿಗೇ ಗೊತ್ತಿರಲ್ಲ. ಕಣ್ಣಿಗೆ ಕಂಡಾಗಲೇ "ಇದಲ್ಲ, ಅದು" ಅಂತಾರೆ. ಒಂದು ವಾರದಲ್ಲಿ ನಾಲ್ಕು ಸ್ಕ್ರೀನ್ ಮಾಡಿ ತೋರಿಸಿ. ಬೈದರೆ ಬೈಯಲಿ, ತಿದ್ದಿ. ಅಜೈಲ್ ಅಂದ್ರೆ ಇದೇ ತಾನೇ. ಮತ್ತೆ ಅಡ್ವಾನ್ಸ್ ಇಲ್ಲದೆ ಒಂದು ಸಾಲೂ ಬರೆಯಬೇಡಿ.

ಗಂಜ್_ಅಕ್ಕ (ರಾಯಚೂರು):

ತಮ್ಮ, ನಿನ್ನ ಜೀನ್ಸ್ ಕಥೆ ಓದಿ ನಗು ಬಂತು. ನನ್ನದೂ ಅಂಥದ್ದೇ ಒಂದಿದೆ. ಅದನ್ನೇ ಮೊದಲು ಹೇಳ್ತೀನಿ.

ನಾನು ರಾಯಚೂರಿನ ಕೃಷಿ ಮಾರುಕಟ್ಟೆ ರಾಜೇಂದ್ರ ಗಂಜ್‌ನ ದಲಾಲಿ ಅಂಗಡಿಯೊಂದರಲ್ಲಿ ಕಂಪ್ಯೂಟರ್ ಆಪರೇಟರ್ ಆಗಿ ಕೆಲಸ ಶುರು ಮಾಡಿದವಳು. ಆಮೇಲೆ ಪ್ರೋಗ್ರಾಮಿಂಗ್ ಕಲಿತು ಈ ದಂಧೆಗೆ ಬಿದ್ದೆ. ಮೊದಲ ಗಿರಾಕಿಯೂ ಗಂಜ್‌ನ ಇನ್ನೊಂದು ದಲಾಲಿ ಅಂಗಡಿ. ಗಂಜ್‌ನಲ್ಲಿ ನನಗೆ ಗೊತ್ತಿಲ್ಲದ್ದು ಏನಿದೆ ಅನ್ನೋ ಜಂಬ ಬೇರೆ. ಮಾಲೀಕರ ಜೊತೆ ಎರಡು ಸಲ ಕೂತು, ಹೇಳಿದ್ದನ್ನೆಲ್ಲ ಬರೆದುಕೊಂಡು, ಚಂದದ ಪ್ರೋಗ್ರಾಂ ಮಾಡಿದೆ. ರೈತನ ಹೆಸರು, ಚೀಲ, ತೂಕ, ದರ, ಹಮಾಲಿ, ಕೈಗೆ ಬರುವ ಮೊತ್ತ. ಪಟ್ಟಿ ಟಕ್ ಅಂತ ಪ್ರಿಂಟ್ ಆಗುತ್ತಿತ್ತು.

ಅಲ್ಲಿನ ಗುಮಾಸ್ತರ ಪುಸ್ತಕದಲ್ಲಿ ಕೆಲವು ಹೆಸರುಗಳ ಪಕ್ಕ ಪೆನ್ಸಿಲ್‌ನಲ್ಲಿ ಒಂದು ಸಣ್ಣ ಸೊನ್ನೆ ಇರುತ್ತಿತ್ತು. ನಾನು ನೋಡಿದ್ದೆ. ಕೇಳಲಿಲ್ಲ. ಎಣಿಕೆಯ ಗುರುತೇನೋ ಅಂದುಕೊಂಡೆ. ಪ್ರೋಗ್ರಾಂ ಶುರುವಾದ ನಾಲ್ಕನೇ ದಿನ, ಅಂಗಡಿ ತುಂಬ ಜನ. ಬಿತ್ತನೆಗೆ ಮುಂಚೆ 40,000 ರೂಪಾಯಿ ಮುಂಗಡ ತಗೊಂಡಿದ್ದ ರೈತನೊಬ್ಬನಿಗೆ ನನ್ನ ಪಟ್ಟಿ ಪೂರ್ತಿ ದುಡ್ಡು ತೋರಿಸಿತು. ಗಲ್ಲಾದಲ್ಲಿದ್ದ ಹುಡುಗ ಎಣಿಸಿ ಕೊಟ್ಟುಬಿಟ್ಟ. ಆ ಸೊನ್ನೆ ಅಂದ್ರೆ "ಇವರ ಹೆಸರಲ್ಲಿ ಬಾಕಿ ಇದೆ, ಕೆಂಪು ಪುಸ್ತಕ ನೋಡು" ಅಂತ. ಮಾಲೀಕರಿಗೆ ಅದು ಹೇಳಬೇಕಾದ ವಿಷಯ ಅಂತಲೇ ಅನಿಸಿರಲಿಲ್ಲ, ಅದನ್ನ ಗುಮಾಸ್ತರು ನೋಡಿಕೊಳ್ತಿದ್ದರು. ರೈತ ಒಳ್ಳೆಯವನು, ಮರುದಿನ ತಾನೇ ಬಂದು ಲೆಕ್ಕ ಸರಿಮಾಡಿದ. ಮಾಲೀಕರು ಮಾತ್ರ ಹದಿನೈದು ದಿನ ನನ್ನ ಫೋನ್ ಎತ್ತಲಿಲ್ಲ.

ಹಾಗಾಗಿ ಸಾಹುಕಾರರಿಗೆ "ಏನು ಬೇಕು" ಅಂತ ಕೇಳೋದು ಬಿಡು. ಆ ಪ್ರಶ್ನೆಗೆ ಅವರು ಸರಿಯಾಗಿಯೇ ಉತ್ತರ ಕೊಟ್ಟಿದ್ದಾರೆ. "ನಿನ್ನೆ ಕೊನೆಗೆ ಬಂದ ಲಾರಿ ಯಾವುದು, ಅದರ ಕಥೆ ಹೇಳಿ" ಅಂತ ಕೇಳು. ಗೇಟಿಗೆ ಬಂದಾಗ ಯಾರು ಬರೆದುಕೊಂಡರು, ಯಾವುದರಲ್ಲಿ? ವೇಬ್ರಿಡ್ಜ್ ಮೇಲೆ ತುಂಬಿದ ತೂಕ ಯಾರು ತಗೊಂಡರು, ಖಾಲಿ ಲಾರಿಯ ತೂಕ ಯಾವಾಗ? ತೇವಾಂಶ ಯಾರು ನೋಡಿದರು, ಜಾಸ್ತಿ ಇದ್ದರೆ ಏನು ಮಾಡಿದರು? ಕಥೆ ಮಧ್ಯದಲ್ಲಿ ಎಲ್ಲಿ ಅವರು "ಅದು ನನಗೆ ಗೊತ್ತಿಲ್ಲ, ಗುಮಾಸ್ತನ್ನ ಕೇಳು" ಅಂತಾರೋ ಅಲ್ಲಿ ಒಂದು ಗೆರೆ ಎಳೆದುಕೋ. ನಿನ್ನ ಕೆಲಸ ಇರೋದು ಅಲ್ಲೇ.

ಆಮೇಲೆ ಕಾಗದ ಕೂಡಿಸು. ಗೇಟಿನ ನೋಟ್‌ಬುಕ್, ವೇಬ್ರಿಡ್ಜ್ ಚೀಟಿ, ಹಮಾಲರ ಪುಸ್ತಕ, ರೈತರಿಗೆ ಕೊಡುವ ಪಟ್ಟಿ, ಅಕ್ಕಿ ಲೋಡಿನ ಬಿಲ್, ತೌಡು ಮತ್ತು ನುಚ್ಚು ಮಾರಿದ ಚೀಟಿ. ಖಾಲಿ ಫಾರಂ ಬೇಡ, ಬರೆದು ಮುಗಿಸಿದ್ದೇ ಬೇಕು. ಅಚ್ಚಾದ ಜಾಗದಲ್ಲಿ ಏನಿದೆ ಅನ್ನೋದಕ್ಕಿಂತ ಅಂಚಿನಲ್ಲಿ, ಹಿಂದುಗಡೆ ಏನು ಗೀಚಿದ್ದಾರೆ ನೋಡು. ಪ್ರತಿ ಗೀಚಿಗೂ "ಇದೇನು?" ಅಂತ ಕೇಳು. ದಡ್ಡ ಅನ್ನಿಸಿಕೊಂಡರೂ ಪರವಾಗಿಲ್ಲ. ನಾನು ಜಾಣೆ ಅನ್ನಿಸಿಕೊಳ್ಳೋಕೆ ಹೋಗಿ ಏನಾಯಿತು ಅಂತ ಈಗ ತಾನೇ ಹೇಳಿದೆ.

ಅಳತೆಯ ವಿಷಯಕ್ಕೆ ಒಂದು ಪೂರ್ತಿ ದಿನ ಇಡು. ನಮ್ಮ ಕಡೆ ಭತ್ತದ ಮಾತು ನಡೆಯೋದು 75 ಕೆಜಿ ಚೀಲದ ಲೆಕ್ಕದಲ್ಲಿ. ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್ ಲೆಕ್ಕದಲ್ಲಿ. ಅಕ್ಕಿ ಹೋಗೋದು ಬೇರೆ ಚೀಲದಲ್ಲಿ. ಸಾಹುಕಾರರು "ಸಾವಿರ ಚೀಲ ಬಂತು" ಅಂದರೆ ಎಣಿಸಿದ ಚೀಲವೋ, ಒಟ್ಟು ತೂಕವನ್ನ 75ರಿಂದ ಭಾಗಿಸಿದ ಚೀಲವೋ? ಎರಡೂ ಬೇರೆ. 2025-26ಕ್ಕೆ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,369 ರೂಪಾಯಿ. 75 ಕೆಜಿಗೆ ಲೆಕ್ಕ ಹಾಕಿದರೆ 1,776 ರೂಪಾಯಿ 75 ಪೈಸೆ. ಆ 75 ಪೈಸೆಯನ್ನ ಏನು ಮಾಡ್ತಾರೆ? ಚೀಲಕ್ಕೆ ಚೀಲ ರೌಂಡ್ ಮಾಡ್ತಾರಾ, ಕೊನೆಯ ಮೊತ್ತಕ್ಕೆ ಮಾಡ್ತಾರಾ? ಇದನ್ನ ಕೇಳದೆ ಕೋಡ್ ಬರೆದರೆ ಗುಮಾಸ್ತರ ಲೆಕ್ಕಕ್ಕೂ ನಿನ್ನ ಲೆಕ್ಕಕ್ಕೂ ದಿನಾ ಹತ್ತಿಪ್ಪತ್ತು ರೂಪಾಯಿ ವ್ಯತ್ಯಾಸ ಬರುತ್ತೆ. ಅಷ್ಟು ಸಾಕು, "ಕಂಪ್ಯೂಟರ್ ಸುಳ್ಳು ಹೇಳುತ್ತೆ" ಅಂತ ಊರೆಲ್ಲ ಆಗೋಕೆ.

ಸಣ್ಣದು ಅನ್ನಬೇಡ. 1999ರ ಸೆಪ್ಟೆಂಬರ್‌ನಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಅನ್ನೋ ನೌಕೆ ಮಂಗಳ ಗ್ರಹದ ಹತ್ತಿರ ಹೋಗಿ ಕಳೆದುಹೋಯಿತಲ್ಲ, ಅದೂ ಇದೇ ಜಾತಿಯ ಎಡವಟ್ಟು. ಒಂದು ಕಡೆಯ ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಬಲದ ಅಂಕಿ ಕೊಟ್ಟಿತ್ತು, ಇನ್ನೊಂದು ಕಡೆ ಅದನ್ನ ನ್ಯೂಟನ್ ಅಂತ ಓದಿಕೊಂಡಿದ್ದರು. ನೀನು ಒಳಗೆ ಎಲ್ಲವನ್ನೂ ಕೆಜಿಯಲ್ಲಿ ಇಡು, ತೋರಿಸುವಾಗ ಅವರ ಬಾಯಲ್ಲಿ ಬರುವ ಚೀಲದಲ್ಲಿ ತೋರಿಸು.

ಚೀಲದ ತೂಕವನ್ನ ಕೋಡ್ ಒಳಗೆ ಗಟ್ಟಿಯಾಗಿ ಬರೆದಿಡಬೇಡ. ನನ್ನ ಒಬ್ಬ ಗಿರಾಕಿಗೆ ಅಕ್ಕಿಯ ಚೀಲ ಅಂದ್ರೆ 25 ಕೆಜಿ ಅಂತ ಬರೆದಿಟ್ಟಿದ್ದೆ. 2022ರ ಜುಲೈ 18ರಿಂದ 25 ಕೆಜಿವರೆಗಿನ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿಗೆ 5 ಪರ್ಸೆಂಟ್ ಜಿಎಸ್‌ಟಿ ಬಂತು. ನೋಡನೋಡುತ್ತಲೇ 26 ಕೆಜಿ ಚೀಲ ಬಂದವು. ನಾನು ಮೂರು ರಾತ್ರಿ ನಿದ್ದೆಗೆಟ್ಟು ಆ 25ನ್ನ ಎಲ್ಲೆಲ್ಲಿ ಬರೆದಿದ್ದೇನೆ ಅಂತ ಹುಡುಕಿದೆ. ಅದಾದ ಮೇಲೆ ಎಲ್ಲಾ ಕಡೆ ಒಂದು ಪ್ರಶ್ನೆ ಕೇಳ್ತೀನಿ: "ಐದು ವರ್ಷದ ಹಿಂದೆ ಇದು ಹೀಗೇ ಇತ್ತಾ?" ಯಾವುದು ಬದಲಾಗಿದೆಯೋ ಅದು ಮತ್ತೆ ಬದಲಾಗುತ್ತೆ.

ಹೆಸರುಗಳ ಬಗ್ಗೆ. ಅವರ ಹತ್ತಿರ ರೈತರ ಹಳೇ ಪಟ್ಟಿ ಕಂಪ್ಯೂಟರ್‌ನಲ್ಲಿ ಇದ್ದರೆ ಅದು ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನ ಹಳೇ ಫಾಂಟ್‌ನಲ್ಲಿ ಇರಬಹುದು, ಈಗ ಎಲ್ಲಾ ಕಡೆ ನಡೆಯುವ ಯೂನಿಕೋಡ್ ಅಲ್ಲ. ತೆರೆದು ನೋಡದೆ "ಹಳೇ ಡೇಟಾ ಹಾಕಿಕೊಡ್ತೀನಿ" ಅಂತ ಒಪ್ಪಿಕೊಳ್ಳಬೇಡ. ಒಂದೇ ಮನುಷ್ಯನ ಹೆಸರು ನಾಲ್ಕು ತರ ಇರುತ್ತೆ. ಒಂದೇ ಊರಿನಲ್ಲಿ ಒಂದೇ ಹೆಸರಿನವರು ಆರು ಜನ ಇರ್ತಾರೆ. ಮನೆಮಂದಿಗೆಲ್ಲ ಒಂದೇ ಫೋನ್ ನಂಬರ್. "ಇವರೇ ಅವರು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?" ಅಂತ ಗುಮಾಸ್ತರನ್ನ ಕೇಳು. ನನಗೊಬ್ಬರು "ಮುಖ ನೋಡಿದರೆ ಗೊತ್ತಾಗುತ್ತಮ್ಮ" ಅಂದಿದ್ದರು. ಆ ಉತ್ತರದಿಂದ ಫೀಲ್ಡ್ ಮಾಡೋಕಾಗಲ್ಲ, ಆದರೆ ಅಲ್ಲಿಂದಲೇ ಮಾತು ಮುಂದುವರಿಸಬೇಕು. ಕೊನೆಗೆ ಊರು, ಅಪ್ಪನ ಹೆಸರು, ಮನೆತನದ ಅಡ್ಡಹೆಸರು ಮೂರೂ ಸೇರಿಸಿ ಬಗೆಹರಿಯಿತು.

ಗುಮಾಸ್ತರಿಗೆ ನಿನ್ನ ಮೇಲೆ ಅನುಮಾನ ಇರುತ್ತೆ. ಈ ಹುಡುಗ ಬಂದು ನನ್ನ ಕೆಲಸ ಕಿತ್ಕೊಳ್ತಾನೆ ಅಂತ. ಸಹಜ ತಾನೇ. ಸಾಹುಕಾರರ ಕ್ಯಾಬಿನ್‌ನಲ್ಲಿ ಕುಳಿತು ಅವರನ್ನ ಕರೆಸಬೇಡ. ಅವರ ಗದ್ದಿಗೆ ಪಕ್ಕದಲ್ಲಿ ಹೋಗಿ ಕೂರು. ಸ್ಕ್ರೀನ್‌ನಲ್ಲಿ ಅವರ ಪುಸ್ತಕದ ಮಾತನ್ನೇ ಬಳಸು. ಬಂದದ್ದಕ್ಕೆ ಅವರು "ಜಮಾ" ಅಂದರೆ ಜಮಾ, ಖರ್ಚು ಹಾಕಿದ್ದಕ್ಕೆ "ನಾವೆ" ಅಂದರೆ ನಾವೆ.

ಇನ್ನು ಸಾಹುಕಾರರ "ಎಲ್ಲಾ ಮೊಬೈಲ್‌ನಲ್ಲಿ ಕಾಣಬೇಕು". ಎಲ್ಲಾ ಅಂದ್ರೆ ಏನೂ ಅಲ್ಲ. "ಬೆಳಿಗ್ಗೆ ಎದ್ದ ತಕ್ಷಣ ಯಾರಿಗೆ ಫೋನ್ ಮಾಡ್ತೀರಿ, ಏನು ಕೇಳ್ತೀರಿ?" ಅಂತ ಕೇಳು. ನನ್ನ ಗಿರಾಕಿಯೊಬ್ಬರು ಇಪ್ಪತ್ತೆರಡು ರಿಪೋರ್ಟ್ ಪಟ್ಟಿ ಕೊಟ್ಟಿದ್ದರು. ಈ ಪ್ರಶ್ನೆ ಕೇಳಿದ ಮೇಲೆ ಉಳಿದಿದ್ದು ಎರಡು: ಇವತ್ತು ಯಾರಿಗೆಷ್ಟು ಕೊಡಬೇಕು, ಯಾರಿಂದ ಎಷ್ಟು ಬರಬೇಕು.

ಆಗದ್ದನ್ನ ಆಗಲ್ಲ ಅಂತ ಈಗಲೇ ಹೇಳಬೇಕು. "ಯಾವ ರೈತನ ಭತ್ತ ಯಾವ ಚೀಲದ ಅಕ್ಕಿ ಆಯಿತು ಅಂತ ಕಾಣಬೇಕು" ಅಂತ ಯಾರಾದರೂ ಅಂದೇ ಅನ್ನುತ್ತಾರೆ, ಸಾಮಾನ್ಯವಾಗಿ ಬೆಂಗಳೂರಿನಲ್ಲಿ ಓದಿದ ಮಗ. ನಲವತ್ತು ರೈತರ ಭತ್ತ ಒಂದೇ ಗುಂಡಿಗೆ ಸುರಿದ ಮೇಲೆ ಅದನ್ನ ದೇವರೂ ಹೇಳೋಕಾಗಲ್ಲ, ನಿನ್ನ ಡೇಟಾಬೇಸ್ ಏನು ಹೇಳುತ್ತೆ. ಹಾಗೆಯೇ ಇಷ್ಟು ಭತ್ತಕ್ಕೆ ಇಷ್ಟು ಅಕ್ಕಿ ಅನ್ನೋದು. ಸರ್ಕಾರಕ್ಕೆ ಗಿರಣಿ ಮಾಡಿಕೊಡುವ ಭತ್ತಕ್ಕೆ 100 ಕೆಜಿಗೆ 67 ಕೆಜಿ ಬೆಳ್ತಿಗೆ ಅಕ್ಕಿ ಅನ್ನೋ ಲೆಕ್ಕ ಇದೆ. ಸ್ವಂತ ವ್ಯಾಪಾರದಲ್ಲಿ ತಳಿ, ತೇವಾಂಶ, ಮಿಷನ್ ನೋಡಿಕೊಂಡು ಅದು ಬದಲಾಗುತ್ತೆ. 67 ಅಂತ ನೀನೇ ಹಾಕಿಬಿಟ್ಟರೆ ಸ್ಟಾಕ್ ಯಾವತ್ತೂ ತಾಳೆ ಆಗಲ್ಲ, ಯಾರೋ ಅಕ್ಕಿ ಕದ್ದರು ಅಂತ ಸಾಹುಕಾರರು ಯಾರದೋ ಮೇಲೆ ಗುಮಾನಿ ಪಡ್ತಾರೆ.

ವೇಬ್ರಿಡ್ಜ್‌ನಿಂದ ತೂಕ ನೇರವಾಗಿ ಕಂಪ್ಯೂಟರ್‌ಗೆ ಬರಬೇಕು ಅಂತಲೂ ಕೇಳ್ತಾರೆ. ಒಪ್ಪಿಕೊಳ್ಳೋ ಮೊದಲು ಅಲ್ಲಿನ ತೂಕದ ಡಬ್ಬಿಯ ಹಿಂದೆ ಸೀರಿಯಲ್ ಪೋರ್ಟ್ ಇದೆಯಾ, ಕೇಬಲ್ ಹಾಕಿ ಅಂಕಿ ಬರುತ್ತಾ ಅಂತ ನಿನ್ನ ಲ್ಯಾಪ್‌ಟಾಪ್‌ನಲ್ಲೇ ನೋಡು. ಕರೆಂಟ್ ಹೋದಾಗ, ನೆಟ್ ಹೋದಾಗ ಲಾರಿ ನಿಲ್ಲುತ್ತಾ? ನಿಲ್ಲಲ್ಲ. ಹಾಗಾದರೆ ನಿನ್ನ ಸಾಫ್ಟ್‌ವೇರೂ ನಿಲ್ಲಬಾರದು.

ಅರವತ್ತು ಪುಟ ಬೇಡ. ಎರಡು ಹಾಳೆ ಸಾಕು, ಕನ್ನಡದಲ್ಲೇ ಬರಿ. ಮೊದಲ ಹಾಳೆಯಲ್ಲಿ ಒಂದು ಲಾರಿಯ ಕಥೆ, ಗೇಟಿನಿಂದ ರೊಕ್ಕದವರೆಗೆ. ಎರಡನೆಯದರಲ್ಲಿ "ಈ ಸಲ ಮಾಡೋದಿಲ್ಲ" ಅನ್ನೋ ಪಟ್ಟಿ. ಸಹಿ ಹಾಕಿ ಅಂದರೆ ನಮ್ಮ ಕಡೆ ಜನ ಕೋರ್ಟು ಕಚೇರಿ ನೆನಪಾಗಿ ಹೆದರುತ್ತಾರೆ. ಸಾಹುಕಾರರು, ಗುಮಾಸ್ತರು ಇಬ್ಬರನ್ನೂ ಕೂರಿಸಿ ಜೋರಾಗಿ ಓದು. ತಪ್ಪಿದ್ದಲ್ಲಿ ಅವರ ಕೈಯಿಂದಲೇ ತಿದ್ದಿಸು. ತಿದ್ದಿದ ಹಾಳೆಯ ಫೋಟೋ ಇಬ್ಬರಿಗೂ ವಾಟ್ಸಾಪ್ ಮಾಡು.

ಮೇಲೆ ಡೆಮೊ ಮೊದಲು ಅಂದವರ ಮಾತು ಅರ್ಧ ಸರಿ. ಬೇಗ ತೋರಿಸಬೇಕು, ನಿಜ. ಆದರೆ 2001ರಲ್ಲಿ ಅಮೆರಿಕದ ಯೂಟಾದಲ್ಲಿ 17 ಜನ ಸಾಫ್ಟ್‌ವೇರ್‌ನವರು ಕೂತು ಅಜೈಲ್ ಪ್ರಣಾಳಿಕೆ ಬರೆದಾಗ ಕೇಳಬೇಡಿ ಅಂತ ಹೇಳಲಿಲ್ಲಪ್ಪ. ವ್ಯಾಪಾರ ಮಾಡುವವರು, ಕೋಡ್ ಬರೆಯುವವರು ದಿನಾ ಜೊತೆಗೆ ಕೆಲಸ ಮಾಡಬೇಕು ಅಂದರು. ಸ್ಕ್ರೀನ್ ತೋರಿಸಿದರೆ ಜನ ಸ್ಕ್ರೀನ್ ಬಗ್ಗೆಯೇ ಮಾತಾಡ್ತಾರೆ, ಬಣ್ಣ ಚೆನ್ನಾಗಿಲ್ಲ, ಅಕ್ಷರ ಸಣ್ಣದು ಅಂತ. ಪೆನ್ಸಿಲ್ ಸೊನ್ನೆ ಬಗ್ಗೆ ಯಾರೂ ಹೇಳಲ್ಲ.

ದುಡ್ಡಿನ ವಿಷಯ. ಈಗಲೇ ಪೂರ್ತಿ ರೇಟ್ ಹೇಳಬೇಡ. ಬೋರ್ ಹಾಕಿಸುವ ಮೊದಲು ನೀರು ನೋಡುವವರಿಗೆ ಬೇರೆ ದುಡ್ಡು ಕೊಡ್ತಾರೆ, ಅಲ್ವಾ? "ಸಾಹುಕಾರ್ರೇ, ಹತ್ತು ದಿನ ಬಂದು ನೋಡ್ತೀನಿ, ಅದಕ್ಕೆ ಇಷ್ಟು. ಆಮೇಲೆ ಪೂರ್ತಿ ಕೆಲಸದ ರೇಟ್ ಹೇಳ್ತೀನಿ. ಬೇಡ ಅನ್ನಿಸಿದರೆ ನಾನು ಬರೆದ ಹಾಳೆ ನಿಮ್ಮದೇ, ಬೇರೆಯವರ ಹತ್ತಿರ ಮಾಡಿಸಿ." ನಾನು ಹೀಗೇ ಹೇಳೋದು. ಒಬ್ಬರೂ ಹಾಳೆ ತಗೊಂಡು ಬೇರೆ ಕಡೆ ಹೋಗಿಲ್ಲ. ನೋಡೋಕೂ ದುಡ್ಡಾ ಅಂತ ಎದ್ದು ಹೋದವರು ಮೂರು ಜನ ಇದ್ದಾರೆ, ಹೋಗಿದ್ದೇ ಒಳ್ಳೇದಾಯಿತು.

ಲೆಕ್ಕದ_ಮನುಷ್ಯ (ಸಿಂಧನೂರು):

ನಾನು ಸಾಫ್ಟ್‌ವೇರ್‌ನವನಲ್ಲ. ರೈಸ್ ಮಿಲ್‌ನಲ್ಲಿ ಲೆಕ್ಕ ಬರೆಯುವವನು. ಮಗ ಈ ಚರ್ಚೆ ತೋರಿಸಿದ, ಅದಕ್ಕೆ ಬರೀತಿದ್ದೇನೆ. ನಮ್ಮಲ್ಲೂ ಎರಡು ಸಲ ಸಾಫ್ಟ್‌ವೇರ್ ಬಂದು ಹೋಗಿದೆ.

ಅಕ್ಕಾವರು ಹೇಳಿದ್ದು ಸರಿ ಇದೆ. ಅವರು ಬಿಟ್ಟಿದ್ದು ಎರಡು ಇವೆ. ಒಂದು, ಭತ್ತ ಬಂದ ದಿನವೇ ರೇಟು ಆಗೋದಿಲ್ಲ. ನಮ್ಮಲ್ಲಿ ಎಷ್ಟೋ ರೈತರು ಭತ್ತ ತಂದು ಹಾಕಿ ಹೋಗ್ತಾರೆ. ರೇಟು ಏರಲಿ ಅಂತ ಕಾಯ್ತಾರೆ. ಎರಡು ತಿಂಗಳಾದ ಮೇಲೆ ಬಂದು "ಇವತ್ತಿನ ರೇಟಿಗೆ ಮುರೀರಿ" ಅಂತಾರೆ. ರೊಕ್ಕ ಅದಾದ ಮೇಲೆ ಮತ್ತೊಂದು ದಿನ. ಬಂದ ದಿನ, ರೇಟಾದ ದಿನ, ರೊಕ್ಕ ಕೊಟ್ಟ ದಿನ, ಮೂರು ಬೇರೆ ಬೇರೆ. ನಮಗೆ ಬಂದ ಮೊದಲ ಸಾಫ್ಟ್‌ವೇರ್‌ನಲ್ಲಿ ರೇಟು ಹಾಕದಿದ್ದರೆ ಎಂಟ್ರಿಯೇ ಸೇವ್ ಆಗುತ್ತಿರಲಿಲ್ಲ. ಅದಕ್ಕೆ ನಾನು ಸುಮ್ನೆ 1 ರೂಪಾಯಿ ಅಂತ ಹಾಕ್ತಿದ್ದೆ. ಒಂದು ದಿನ ಆಡಿಟರ್ ನೋಡಿ, "ಇದೇನ್ರೀ, ಚೀಲ ಭತ್ತ ಒಂದು ರೂಪಾಯಿಗೆ ತಗೊಂಡೀರಿ?" ಅಂತ ಕೇಳಿದರು.

ಎರಡು, ವರ್ಷ. ಆಡಿಟರ್‌ಗೆ ವರ್ಷ ಮುಗಿಯೋದು ಮಾರ್ಚ್ 31ಕ್ಕೆ. ಸಾಹುಕಾರರು ಮಾತಾಡೋದು ಹಂಗಾಮಿನ ಲೆಕ್ಕದಲ್ಲಿ. "ಹೋದ ಬ್ಯಾಸಿಗಿ ಬೆಳೀಗೆ ಎಷ್ಟು ಬಂದಿತ್ತು?" ಅಂತ ಕೇಳ್ತಾರೆ. ಬೇಸಿಗೆ ಬೆಳೆಯ ಲೆಕ್ಕ ಮಾರ್ಚ್ ದಾಟಿ ಹೋಗುತ್ತೆ. ಮತ್ತೆ ಎರಡನೇ ಬೆಳೆ ಪ್ರತಿ ವರ್ಷ ಇದ್ದೇ ಇರುತ್ತೆ ಅಂತ ಇಲ್ಲ, ಎಲ್ಲಾ ತುಂಗಭದ್ರಾ ಡ್ಯಾಮಿನ ನೀರಿನ ಮೇಲೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟ್ ಕೊಚ್ಚಿಹೋದಾಗ ಒಂದು ವಾರ ನಾವ್ಯಾರೂ ಸರಿಯಾಗಿ ಉಂಡಿಲ್ಲ. ಹಂಗಾಮು ಅನ್ನೋದು ಸಾಫ್ಟ್‌ವೇರ್‌ನಲ್ಲಿ ಇರಬೇಕು, ಯಾವಾಗ ಶುರು ಯಾವಾಗ ಮುಗೀತು ಅಂತ ನಾವೇ ಹಾಕುವ ಹಾಗೆ.

ಇನ್ನೊಂದು ನೆನಪಾಯಿತು. ಪುಸ್ತಕದಲ್ಲಿ ತಪ್ಪು ಬರೆದರೆ ನಾವು ಅಳಿಸೋದಿಲ್ಲ. ಅಡ್ಡ ಗೆರೆ ಹೊಡೆದು ಮೇಲೆ ಸರಿಯಾದ್ದು ಬರೆದು ಸಣ್ಣ ಸಹಿ ಹಾಕ್ತೀವಿ. ಸಾಫ್ಟ್‌ವೇರ್‌ನಲ್ಲಿ ಡಿಲೀಟ್ ಒತ್ತಿದರೆ ಮಾಯ. ನಾಳೆ ಜಗಳ ಬಂದರೆ ನನ್ನ ಹತ್ತಿರ ತೋರಿಸೋಕೆ ಏನಿರುತ್ತೆ? ಎರಡನೇ ಸಾಫ್ಟ್‌ವೇರ್ ನಾನು ಬೇಡ ಅಂದಿದ್ದು ಇದಕ್ಕೇ. ಮಾಡಿದ ಹುಡುಗರು ನನಗೆ ಕಂಪ್ಯೂಟರ್ ಬರಲ್ಲ ಅಂದುಕೊಂಡರು.

ಮೊದಲು_ಡೆಮೊ (ಬಳ್ಳಾರಿ):

1 ರೂಪಾಯಿ ಕಥೆ ಸೂಪರ್ ಸರ್. ಒಪ್ಪಿದೆ, ಎರಡು ದಿನ ಹೋಗಿ ನೋಡಿ ಬರಲಿ. ಹತ್ತು ದಿನ ಮಾತ್ರ ಜಾಸ್ತಿ ಆಯಿತು ಅಂತ ಈಗಲೂ ಅಂತೀನಿ. ಅಕ್ಕ, ಎಲ್ಲಾ ಗಿರಾಕಿಗಳೂ ನೋಡೋಕೆ ದುಡ್ಡು ಕೊಡಲ್ಲ, ನಮ್ಮಂಥ ಹೊಸಬರಿಗಂತೂ ಕೊಡೋದೇ ಇಲ್ಲ.

ಗಂಜ್_ಅಕ್ಕ (ರಾಯಚೂರು):

ಹೊಸಬರಿಗೆ ಕಷ್ಟ, ಒಪ್ಪಿದೆ. ಹಾಗಿದ್ದರೆ ಮೊದಲ ಕಂತಿನಲ್ಲೇ ಸೇರಿಸಿ ಕೇಳಿ. ಹತ್ತು ದಿನ ಅಂದ್ರೆ ಹತ್ತು ಪೂರ್ತಿ ದಿನ ಅಲ್ಲಪ್ಪ, ಬೆಳಿಗ್ಗೆ ಎರಡು ತಾಸು ಹೋಗಿ ಬರೋದು. ಒಂದೇ ದಿನ ನೋಡಿದರೆ ಶನಿವಾರ ಹಮಾಲರ ಬಟವಾಡೆ ಕಾಣಲ್ಲ, ತಿಂಗಳ ಕೊನೆಯ ಗದ್ದಲ ಕಾಣಲ್ಲ.

ಸಿಂಧನೂರಿನ ಅಣ್ಣಾವರೇ, ಅಡ್ಡ ಗೆರೆ ಮಾತು ನಾನು ಬರೆದುಕೊಂಡೆ. ನನ್ನ ಹಳೇ ಗಿರಾಕಿಗಳಲ್ಲಿ ಇಬ್ಬರಿಗೆ ಅದನ್ನ ಮಾಡಿಕೊಟ್ಟಿಲ್ಲ.

ಕಾರಟಗಿ_ಹುಡುಗ:

ತಡವಾಯಿತು, ಕ್ಷಮಿಸಿ. ಐದು ದಿನ ಮಿಲ್ಲಿಗೆ ಹೋಗಿ ಬಂದೆ. ಲ್ಯಾಪ್‌ಟಾಪ್ ತಗೊಂಡು ಹೋಗಲಿಲ್ಲ. ಮೊದಲ ದಿನ ಸಾಹುಕಾರರು "ಏನಪ್ಪಾ, ಕಂಪ್ಯೂಟರ್ ಎಲ್ಲಿ? ಬರೀ ಪೆನ್ನು ಹಿಡ್ಕೊಂಡು ಬಂದೀಯಲ್ಲ" ಅಂದರು. ದುಡ್ಡಿನ ಮಾತಿಗೆ "ಮೊದಲ ಕಂತಿನ್ಯಾಗ ಮುರ್ಕೊಂಡ್ರ ಆತು" ಅಂದರು. ಅಷ್ಟರಮಟ್ಟಿಗೆ ಗೆದ್ದೆ.

ಈಗ ಕೊಯ್ಲಿಲ್ಲ, ಲಾರಿ ಕಡಿಮೆ. ಅದಕ್ಕೇ ಗುಮಾಸ್ತರಿಗೆ ಪುರುಸೊತ್ತು ಇತ್ತು. ಎರಡು ದಿನ ಅವರು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟರು. ಮೂರನೇ ದಿನ ಅವರ ಟೇಬಲ್ ಮೇಲೆ ಎರಡು ಬದಿಯ ಪೆನ್ಸಿಲ್ ಕಂಡೆ, ಒಂದು ತುದಿ ಕೆಂಪು, ಇನ್ನೊಂದು ನೀಲಿ. ಪುಸ್ತಕದಲ್ಲಿ ಕೆಲವು ಮೊತ್ತದ ಕೆಳಗೆ ಕೆಂಪು ಗೆರೆ, ಕೆಲವಕ್ಕೆ ನೀಲಿ. ಅಕ್ಕ ಹೇಳಿದ್ದು ನೆನಪಾಗಿ "ಇದೇನು ಕಾಕಾ?" ಅಂದೆ. ನೀಲಿ ಅಂದ್ರೆ ಬ್ಯಾಂಕಿಗೆ ಹಾಕಿದ್ದು, ಕೆಂಪು ಅಂದ್ರೆ ಕೈಗೆ ಕೊಟ್ಟಿದ್ದು. ಅಷ್ಟೇ ಅಂದುಕೊಂಡು ಬರೆದುಕೊಂಡೆ. ಒಂದು ಕಡೆ ಎರಡೂ ಗೆರೆ ಇತ್ತು. "ಅದು ಅವರ ಅಣ್ಣನ ಖಾತೆಗೆ ಹಾಕಿದ್ದು. ಭತ್ತ ಇವರದು, ಹೊಲ ಅಪ್ಪನ ಹೆಸರಲ್ಲಿ, ಬ್ಯಾಂಕ್ ಖಾತೆ ಅಣ್ಣಂದು." ನನ್ನ ಟೇಬಲ್‌ನಲ್ಲಿ ರೈತ ಅಂತ ಒಂದೇ ಸಾಲು ಇತ್ತು. ಈಗ ಮೂರು ಜನ ಆದರು.

75 ಪೈಸೆಯ ಪ್ರಶ್ನೆ ಕೇಳಿದೆ ಅಕ್ಕ. ಗುಮಾಸ್ತರು ಕೊನೆಯ ಮೊತ್ತಕ್ಕೆ ರೌಂಡ್ ಮಾಡ್ತೀನಿ ಅಂದರು. ಸಾಹುಕಾರರು ಪಕ್ಕದಲ್ಲೇ ಇದ್ದರು, "ಇಲ್ಲ, ಚೀಲಕ್ಕೇ ಮಾಡ್ತೀವಿ" ಅಂದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಚಹಾ ಕುಡೀತಾ ಸುಮ್ನೆ ಕೂತಿದ್ದೆ. ಇನ್ನೂ ಬಗೆಹರಿದಿಲ್ಲ.

ವೇಬ್ರಿಡ್ಜ್ ಡಬ್ಬಿಯ ಹಿಂದೆ ಪೋರ್ಟ್ ಇದೆ, ಒಳಗೆ ಹಲ್ಲಿ ಮೊಟ್ಟೆ ಇಟ್ಟಿದೆ. ಕೇಬಲ್ ತರಿಸಿದ್ದೇನೆ. ದೀಪಾವಳಿಗೆ ಎಲ್ಲಾ ಆಗಲ್ಲ, ಗೇಟು ಮತ್ತು ವೇಬ್ರಿಡ್ಜ್ ಮಾತ್ರ ಆಗುತ್ತೆ, ರೊಕ್ಕದ ಲೆಕ್ಕ ಕೊಯ್ಲು ಮುಗಿದ ಮೇಲೆ ಅಂತ ಎರಡನೇ ಹಾಳೆಯಲ್ಲಿ ಬರೆದಿದ್ದೇನೆ. ಅಲ್ಲಿವರೆಗೆ ಪುಸ್ತಕವೂ ನಡೀಲಿ ಅಂದಾಗ ಗುಮಾಸ್ತರ ಮುಖ ನೋಡಬೇಕಿತ್ತು. ಸೋಮವಾರ ಬಾ, ಹಳೇ ಹಂಗಾಮಿನ ಪುಸ್ತಕ ಅಟ್ಟದಿಂದ ಇಳಿಸಿಡ್ತೀನಿ ಅಂದಿದ್ದಾರೆ. ಒಂದೆರಡು ಪುಟದ ಫೋಟೋ ಇಲ್ಲಿ ಹಾಕ್ತೀನಿ, ಇನ್ನೇನು ಬಿಟ್ಟಿದ್ದೇನೆ ಅಂತ ನೋಡಿ ಹೇಳಿ.

ಗಂಜ್_ಅಕ್ಕ (ರಾಯಚೂರು):

ಫೋಟೋ ಮಾತ್ರ ಹಾಕಬೇಡ ತಮ್ಮ. ಅದರಲ್ಲಿ ರೈತರ ಹೆಸರು, ಫೋನು, ಯಾರಿಗೆಷ್ಟು ಬಾಕಿ ಎಲ್ಲಾ ಇರುತ್ತೆ. ಕೈಯಲ್ಲಿ ಖಾಲಿ ಪುಟ ಬರೆದು, ಸುಳ್ಳು ಹೆಸರು ಹಾಕಿ, ಗೆರೆಗಳನ್ನ ಮಾತ್ರ ಹಾಗೇ ಎಳೆದು ಹಾಕು. ಆ ಮೂರು ಜನರ ವಿಷಯದಲ್ಲಿ ಇನ್ನೊಂದು ಕೇಳಿಕೊಂಡು ಬಾ: ಪಟ್ಟಿಯ ಮೇಲೆ ಸಹಿ ಮಾಡೋದು ಯಾರು?